ಬೆಕ್ಕಿನ ಮೇಲೆ ಹೊರಿಸಿದ ಸೇಡು

ಪುಣೆಯ ನಮ್ಮ ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಒಂದು ಸಂದೇಶ ಬರುತ್ತದೆ. "ನಾಲ್ಕು ವರ್ಷದ ಗಂಡು ಬೆಕ್ಕು. ಆಪರೇಷನ್ ಆಗಿದೆ, ಇಂಜೆಕ್ಷನ್ ಎಲ್ಲ ಆಗಿದೆ. ತುಂಬಾ ಪ್ರೀತಿಯದು. ಒಳ್ಳೆಯ ಮನೆ ಬೇಕು. ಅರ್ಜೆಂಟ್." ಜೊತೆಗೆ ಕಿಟಕಿ ಪಕ್ಕ ಕೂತ ಬೆಕ್ಕಿನ ಫೋಟೋ. ಅಷ್ಟು ಪ್ರೀತಿಯದಾದರೆ ಕೊಡುವುದೇಕೆ ಎಂದು ಫೋನ್ ಮಾಡಿ ಕೇಳಿ. ಮೊದಲು ಟ್ರಾನ್ಸ್‌ಫರ್ ಎನ್ನುತ್ತಾರೆ, ಆಮೇಲೆ ಮಗುವಿಗೆ ಅಲರ್ಜಿ ಎನ್ನುತ್ತಾರೆ, ಕೊನೆಗೆ ನಿಜ ಹೊರಬೀಳುತ್ತದೆ: "ಬಾಕ್ಸಿನ್ಯಾಗ ಹೋಗೂದು ಬಿಟ್ಟದ್ರಿ. ಸೋಫಾದ ಮ್ಯಾಲ, ಹಾಸಿಗಿ ಮ್ಯಾಲ ಮಾಡಾಕತ್ತದ. ಬೇಕಂತನ ಮಾಡ್ತದ್ರಿ, ನಮ್ಮ ಮ್ಯಾಲ ಸೇಡು ತೀರಿಸ್ಕೊಳಾಕತ್ತದ."

ಈ ಲೇಖನ ಆ ಕೊನೆಯ ಮಾತಿನ ವಿರುದ್ಧ.

ಬೆಕ್ಕು ಸೇಡು ತೀರಿಸಿಕೊಳ್ಳುವುದಿಲ್ಲ. ಬಾಕ್ಸ್ ಬಿಟ್ಟು ಬೇರೆಡೆ ಉಚ್ಚೆ ಹೊಯ್ಯುವ ಬೆಕ್ಕಿಗೆ ಒಂದೋ ಕಾಯಿಲೆಯಾಗಿದೆ, ಇಲ್ಲವೇ ತನ್ನ ಜಾಗದ ಬಗ್ಗೆ ಕಳವಳ ಹುಟ್ಟಿದೆ, ಇಲ್ಲವೇ ನಾವು ಇಟ್ಟ ಬಾಕ್ಸ್ ಅದಕ್ಕೆ ಒಗ್ಗುತ್ತಿಲ್ಲ. ಅಮೆರಿಕದ ಬೆಕ್ಕು ವೈದ್ಯರ ಸಂಘ ಮತ್ತು ಬೆಕ್ಕಿನ ವೈದ್ಯಕೀಯದ ಅಂತರರಾಷ್ಟ್ರೀಯ ಸೊಸೈಟಿ ಸೇರಿ ಇದೇ ಸಮಸ್ಯೆಗೆಂದು 2014ರಲ್ಲಿ ಒಂದು ಮಾರ್ಗಸೂಚಿ ತಂದವು. ಅದೂ ಇದನ್ನೇ ಹೇಳುತ್ತದೆ: ಮಾಲೀಕರ ಮೇಲಿನ ಸಿಟ್ಟಿಗೋ ಹಗೆಗೋ ಬೆಕ್ಕು ಹೀಗೆ ಮಾಡುವುದಿಲ್ಲ. ಆದರೆ ವಾಕಡ್, ಹಿಂಜವಡಿ, ಬಾಣೇರ್‌ನ ಫ್ಲ್ಯಾಟುಗಳಲ್ಲಿ ಎಂಟೆಕ್, ಎಂಬಿಎ ಮಾಡಿಕೊಂಡ ನಾವು ಇನ್ನೂ ಬೆಕ್ಕಿನ ಮುಖ ನೋಡಿ ಅದರ ಮನಸ್ಸಿನಲ್ಲಿ ಹಗೆ ಓದುತ್ತಿದ್ದೇವೆ.

ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸಿಕೊಂಡು ಬಂದವನಿಗೆ ಈ ರೋಗ ಎಲ್ಲಿಂದ ಬಂತೆಂದು ಚೆನ್ನಾಗಿ ಗೊತ್ತು. ಒಬ್ಬ ಹುಡುಗ ಇದ್ದಕ್ಕಿದ್ದಂತೆ ಕೆಲಸದಲ್ಲಿ ಎಡವತೊಡಗುತ್ತಾನೆ. ಮ್ಯಾನೇಜರ್ ಮೀಟಿಂಗಿನಲ್ಲಿ ಎರಡು ಪದ ಉಚ್ಚರಿಸುತ್ತಾನೆ: ಆಟಿಟ್ಯೂಡ್ ಪ್ರಾಬ್ಲಮ್. ಅಲ್ಲಿಗೆ ವಿಚಾರಣೆ ಮುಗಿಯಿತು. ಅವನ ಅಪ್ಪ ಊರಲ್ಲಿ ಆಸ್ಪತ್ರೆ ಸೇರಿದ್ದಾರೆಯೇ, ರಾತ್ರಿ ಎರಡು ಗಂಟೆಗೆ ಕ್ಲೈಂಟ್ ಕಾಲ್ ಇದೆಯೇ, ಅವನಿಗೆ ಕೊಟ್ಟ ಕೆಲಸವೇ ತಪ್ಪಿದೆಯೇ ಎಂದು ಯಾರೂ ಕೇಳಬೇಕಾಗಿಲ್ಲ. ಮನುಷ್ಯರ ವಿಷಯದಲ್ಲಿ ಈ ಮಾತು ಅನ್ಯಾಯವೆಂದು ಇದೇ ನಾವು ಕ್ಯಾಂಟೀನಿನಲ್ಲಿ ಕೂತು ಬೈಯುತ್ತೇವೆ. ಸರ್ವರ್ ನಿಂತರೆ "ಅದಕ್ಕೆ ನನ್ನ ಮೇಲೆ ಕೋಪ" ಎನ್ನುವ ಎಂಜಿನಿಯರನ್ನು ಮನೆಗೆ ಕಳಿಸುತ್ತೇವೆ. ಲಾಗ್ ತೆಗೆ, ನಿನ್ನೆಗೂ ಇವತ್ತಿಗೂ ಏನು ಬದಲಾಯಿತು ಹೇಳು ಎನ್ನುತ್ತೇವೆ. ಅದೇ ಎಂಜಿನಿಯರ್ ಸಂಜೆ ಮನೆಗೆ ಹೋಗಿ ಹಾಸಿಗೆಯ ಮೇಲಿನ ಕಲೆ ನೋಡಿ ಬೆಕ್ಕಿಗೆ ಆಟಿಟ್ಯೂಡ್ ಪ್ರಾಬ್ಲಮ್ ಎಂದು ತೀರ್ಪು ಕೊಡುತ್ತಾನೆ.

ತಪ್ಪು ತೀರ್ಪಿನಿಂದ ಏನು ಹೋಗುತ್ತದೆ? ಕೆಲವು ಸಲ ಪ್ರಾಣ ಹೋಗುತ್ತದೆ.

ಗಂಡು ಬೆಕ್ಕಿನ ಮೂತ್ರನಾಳ ಉದ್ದ, ತುದಿಗೆ ಬರುತ್ತಾ ಬಹಳ ಕಿರಿದು. ಮೂತ್ರಕೋಶದಲ್ಲಿ ಉರಿಯೂತವಾದಾಗ ಬರುವ ಲೋಳೆ, ಹರಳು, ಸಣ್ಣ ಕಲ್ಲು ಇವುಗಳಲ್ಲಿ ಯಾವುದಾದರೂ ಅಲ್ಲಿ ಸಿಕ್ಕಿಕೊಂಡರೆ ದಾರಿ ಮುಚ್ಚುತ್ತದೆ. ಮೂತ್ರ ಪೂರ್ತಿ ಕಟ್ಟಿತೆಂದರೆ ಒಂದೆರಡು ದಿನದೊಳಗೆ ರಕ್ತದಲ್ಲಿ ವಿಷ ಏರುತ್ತದೆ, ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಎರಡು ಮೂರು ದಿನದಲ್ಲಿ ಬೆಕ್ಕು ಸಾಯುತ್ತದೆ. ಸಮಯಕ್ಕೆ ಸರಿಯಾಗಿ ಕರೆದೊಯ್ದರೆ ವೈದ್ಯರು ಕೆಥೆಟರ್ ಹಾಕಿ ಮೂತ್ರ ಬಿಡಿಸುತ್ತಾರೆ, ಡ್ರಿಪ್ ಕೊಡುತ್ತಾರೆ, ಹೆಚ್ಚಿನವು ಬದುಕುತ್ತವೆ. ತಡ ಮಾಡಿದರೆ ಉಳಿಸಲು ಏನೂ ಇರುವುದಿಲ್ಲ. ಈ ಕಾಯಿಲೆ ಹೆಚ್ಚಾಗಿ ಕಾಣುವುದು ಎಂಥ ಬೆಕ್ಕಿನಲ್ಲಿ ಗೊತ್ತೆ? ಮನೆಯೊಳಗೇ ಇರುವ, ಮೈ ಬಂದ, ಒಣ ಆಹಾರ ತಿನ್ನುವ, ನೀರು ಕಡಿಮೆ ಕುಡಿಯುವ ಗಂಡು ಬೆಕ್ಕಿನಲ್ಲಿ. ಅಂದರೆ ನಮ್ಮ ಫ್ಲ್ಯಾಟುಗಳಲ್ಲಿ ಇರುವ ಬೆಕ್ಕಿನಲ್ಲೇ.

ಇದರ ಮೊದಲ ಲಕ್ಷಣಗಳನ್ನು ಕೇಳಿ. ಬೆಕ್ಕು ಪದೇಪದೇ ಬಾಕ್ಸಿಗೆ ಹೋಗಿ ಬರುತ್ತದೆ. ಕೂತು ತಿಣುಕುತ್ತದೆ, ಕೂಗುತ್ತದೆ, ಕೆಳಗೆ ನೆಕ್ಕಿಕೊಳ್ಳುತ್ತಲೇ ಇರುತ್ತದೆ. ಬಾಕ್ಸಿನಲ್ಲಿ ಆಗದೆ ಸೋಫಾ ಮೇಲೆ, ಬಚ್ಚಲಲ್ಲಿ, ಚಾಪೆಯ ಮೇಲೆ ಕೂತು ನೋಡುತ್ತದೆ. ಒಂದೆರಡು ಹನಿ, ಒಮ್ಮೊಮ್ಮೆ ರಕ್ತದ ಬಣ್ಣದ್ದು. ನಮಗೆ ಕಾಣುವುದು ಸೋಫಾ ಮೇಲಿನ ಹನಿ ಮಾತ್ರ. ಮಲಬದ್ಧತೆ ಇರಬೇಕು ಎಂದು ಅಜ್ಜಿಯ ಔಷಧ ಹುಡುಕುವವರೂ ಇದ್ದಾರೆ.

ನನಗೆ ಗೊತ್ತಿರುವ ಒಂದು ಮನೆಯಲ್ಲಿ ಶುಕ್ರವಾರ ಸಂಜೆ ಬೆಕ್ಕು ಹೊಸ ಸೋಫಾದ ಮೇಲೆ ಹೀಗೇ ಮಾಡಿತು. "ಎರಡು ದಿನ ಬುದ್ಧಿ ಕಲೀಲಿ" ಎಂದು ಅದನ್ನು ಬಾಲ್ಕನಿಯಲ್ಲಿ ಬಿಟ್ಟು ಬಾಗಿಲು ಹಾಕಿದರು. ಊಟ, ನೀರು, ಬಾಕ್ಸ್ ಎಲ್ಲ ಅಲ್ಲೇ ಇತ್ತು. ಕೆಟ್ಟವರೇನಲ್ಲ, ಹಬ್ಬಕ್ಕೆ ಬೆಕ್ಕಿಗೂ ಪೇಢೆಯ ತುಣುಕು ತಿನ್ನಿಸುವವರು. ಶನಿವಾರ ಇಡೀ ದಿನ ಕೂಗಿತು. ಭಾನುವಾರ ಕೂಗು ನಿಂತಾಗ ಬುದ್ಧಿ ಬಂತು ಅಂದುಕೊಂಡರು. ಸೋಮವಾರ ಬೆಳಿಗ್ಗೆ ಕೆಲಸದ ಮೌಶಿ ಬಾಗಿಲು ತೆರೆದಾಗ ಅದರ ಮೈ ತಣ್ಣಗಾಗಿತ್ತು. ಬಾಕ್ಸಿನ ಮರಳು ಒಣಗಿಯೇ ಇತ್ತು. ಆ ಮನೆಯವರು ಇವತ್ತಿಗೂ ಅದಕ್ಕೆ ಯಾರೋ ವಿಷ ಹಾಕಿದರು ಎನ್ನುತ್ತಾರೆ.

ಎಲ್ಲ ಬೆಕ್ಕಿಗೂ ಮೂತ್ರ ಕಟ್ಟಿರುವುದಿಲ್ಲ, ನಿಜ. ವಯಸ್ಸಾದ ಬೆಕ್ಕಿಗೆ ಕಿಡ್ನಿಯ ತೊಂದರೆ, ಸಕ್ಕರೆ ಕಾಯಿಲೆ ಇದ್ದರೆ ಉಚ್ಚೆ ರಾಶಿ ಬರುತ್ತದೆ, ಬಾಕ್ಸಿನವರೆಗೆ ತಡೆದುಕೊಳ್ಳಲು ಆಗುವುದಿಲ್ಲ. ಮಂಡಿ ಹಿಡಿದ ಬೆಕ್ಕಿಗೆ ಎತ್ತರದ ಅಂಚು ದಾಟುವುದೇ ಕಷ್ಟ. ಚಿಕ್ಕ ಪ್ರಾಯದ ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವುದು ಮೂತ್ರಕೋಶದ ಒಂದು ಬಗೆಯ ಉರಿಯೂತ. ಅದರಲ್ಲಿ ಕಲ್ಲೂ ಇರುವುದಿಲ್ಲ, ಸೋಂಕೂ ಇರುವುದಿಲ್ಲ, ಆ್ಯಂಟಿಬಯಾಟಿಕ್ ಕೊಟ್ಟು ಪ್ರಯೋಜನವಿಲ್ಲ. ನೋವು ಮಾತ್ರ ಅಪ್ಪಟ ನಿಜ. ಇವನ್ನೆಲ್ಲ ಬೇರ್ಪಡಿಸಿ ಹೇಳುವುದು ಮೂತ್ರಪರೀಕ್ಷೆ, ಸ್ಕ್ಯಾನ್, ವೈದ್ಯರ ಕೈ. ಮೊದಲ ಭೇಟಿ ಮತ್ತು ಮೂತ್ರಪರೀಕ್ಷೆಯ ಖರ್ಚು ನಾಲ್ವರು ಮಾಲ್‌ಗೆ ಹೋಗಿ ಸಿನಿಮಾ ನೋಡಿ ಪಾಪ್‌ಕಾರ್ನ್ ತಿಂದು ಬಂದಷ್ಟೇ ಆದೀತು. ಅದನ್ನು ಮಾಡಿಸದೆ ಬೆಕ್ಕಿನ ಗುಣದ ಬಗ್ಗೆ ಮಾತಾಡುವ ಹಕ್ಕು ಯಾರಿಗೂ ಇಲ್ಲ.

"ವಾಸಿಯಾಯ್ತಲ್ಲ, ಈಗಲೂ ಬಾಕ್ಸಿಗೆ ಹೋಗೋದಿಲ್ಲವಲ್ಲ" ಎನ್ನುತ್ತಾರೆ. ಇದಕ್ಕೆ ಉತ್ತರ ಹುಡುಕಲು ಪಶುವೈದ್ಯ ಕಾಲೇಜಿಗೆ ಹೋಗಬೇಕಿಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕು ನಮಗೆಲ್ಲ ಗೊತ್ತು. ಕುದಿಯುವ ಹಾಲಿಗೆ ಬಾಯಿ ಇಟ್ಟು ನಾಲಿಗೆ ಸುಟ್ಟುಕೊಂಡ ಆ ಬೆಕ್ಕು ಮುಂದೆ ಹಾಲಿನ ಬಟ್ಟಲು ಕಂಡರೇ ಓಡುತ್ತಿತ್ತು. ರಾಜನ ಮುಂದೆ ಎಲ್ಲರೂ ನಕ್ಕರು, ಶಾಲೆಯಲ್ಲಿ ನಾವೂ ನಕ್ಕೆವು. ಆ ಕಥೆಯಲ್ಲಿ ಬೆಕ್ಕಿಗೆ ಹಾಲಿನ ಮೇಲೆ ಹಗೆ ಎಂದು ನಮ್ಮ ಮೇಷ್ಟ್ರು ಹೇಳಲಿಲ್ಲ. ನೋವು ಎಲ್ಲಿ ಆಯಿತೋ ಆ ಜಾಗವನ್ನು ಅದು ನೆನಪಿಟ್ಟುಕೊಂಡಿತು, ಅಷ್ಟೇ. ಬಾಕ್ಸಿನಲ್ಲಿ ಕೂತಾಗಲೆಲ್ಲ ಉರಿದ ಬೆಕ್ಕು ಬಾಕ್ಸನ್ನೇ ಉರಿ ಅಂದುಕೊಳ್ಳುತ್ತದೆ. ಮೆತ್ತಗಿನ ಹಾಸಿಗೆಯಲ್ಲಿ ಉರಿ ಕಡಿಮೆಯಾದೀತೇನೋ ಎಂದು ನೋಡುತ್ತದೆ. ಬಾಕ್ಸಿನ ಜಾಗ ಬದಲಿಸಿ, ಬೇರೆ ಮರಳು ಹಾಕಿ, ಹೊಸದಾಗಿ ರೂಢಿ ಮಾಡಿಸಿದರೆ ಆ ನೆನಪು ನಿಧಾನಕ್ಕೆ ಅಳಿಯುತ್ತದೆ.

ಸೇಡಿನ ಪಕ್ಷದವರ ಬಳಿ ಇನ್ನೊಂದು ವಾದವಿದೆ, ಅದು ಸ್ವಲ್ಪ ಗಟ್ಟಿಯಾದದ್ದು. "ದೀಪಾವಳಿಗೆ ಊರಿಗೆ ಹೋಗಿ ಒಂದು ವಾರ ಬಿಟ್ಟು ಬಂದ್ವಿ. ಬಂದು ನೋಡಿದ್ರೆ ಸರಿಯಾಗಿ ನನ್ನ ದಿಂಬಿನ ಮೇಲೇ ಮಾಡಿತ್ತು. ಇದು ಸಿಟ್ಟಲ್ಲದೆ ಮತ್ತೇನು?" ಕೇಳಲು ಸರಿ ಎನಿಸುತ್ತದೆ. ಆದರೆ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಟೋನಿ ಬಫಿಂಗ್ಟನ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ್ದಾರೆ. 12 ಆರೋಗ್ಯವಂತ ಬೆಕ್ಕುಗಳು, ಮೂತ್ರಕೋಶದ ಉರಿಯೂತವಿದ್ದ 20 ಬೆಕ್ಕುಗಳು. ದಿನಚರಿ ತಪ್ಪಿದಾಗ, ನೋಡಿಕೊಳ್ಳುವವರು ಬದಲಾದಾಗ, ಊಟದ ಹೊತ್ತು ಏರುಪೇರಾದಾಗ ಏನಾಗುತ್ತದೆಂದು ವಾರವಾರವೂ ಬರೆದಿಟ್ಟರು. ಅಂಥ ವಾರಗಳಲ್ಲಿ ಕಾಯಿಲೆಯ ಬೆಕ್ಕುಗಳಷ್ಟೇ ಅಲ್ಲ, ಆರೋಗ್ಯವಾಗಿದ್ದವೂ ಊಟ ಕಡಿಮೆ ಮಾಡಿದವು, ಬಾಕ್ಸಿನ ಹೊರಗೆ ಹೋದವು. ಅಲ್ಲಿ ಅವಕ್ಕೆ ಸೇಡು ತೀರಿಸಿಕೊಳ್ಳಲು ಯಾರ ದಿಂಬೂ ಇರಲಿಲ್ಲ.

ನೀವು ಊರಿಗೆ ಹೋದ ವಾರ ಮನೆಯಲ್ಲಿ ಏನಾಯಿತೆಂದು ಬೆಕ್ಕಿನ ಕಡೆಯಿಂದ ನೋಡಿ. ದಿನಾ ಇರುವ ದನಿಗಳಿಲ್ಲ. ಯಾರೋ ಅಪರಿಚಿತರು ದಿನಕ್ಕೊಮ್ಮೆ ಬಂದು ಅನ್ನ ಹಾಕಿ ಹೋಗುತ್ತಾರೆ. ಬಾಕ್ಸ್ ಎರಡು ದಿನಕ್ಕೊಮ್ಮೆ ತೆಗೆದರೆ ಹೆಚ್ಚು. ಹೊರಗೆ ಪಟಾಕಿ. ಮನೆಯಲ್ಲಿ ನಿಮ್ಮ ವಾಸನೆ ಅತಿ ದಟ್ಟವಾಗಿ ಉಳಿದಿರುವ ಜಾಗ ನಿಮ್ಮ ದಿಂಬು. ಅದು ಅಲ್ಲಿಗೆ ಹೋಗಿ ತನ್ನ ವಾಸನೆಯನ್ನು ನಿಮ್ಮದರ ಜೊತೆ ಬೆರೆಸುತ್ತದೆ. ಹೊಸ ಊರಿನ ಪಿಜಿಯಲ್ಲಿ ಮೊದಲ ರಾತ್ರಿ ಅಮ್ಮನ ಹಳೇ ಸೀರೆಯ ಕೌದಿ ಹೊದ್ದು ಮಲಗಿದ ನಮಗೆ ಇದು ಅರ್ಥವಾಗದೆ ಹೋದರೆ ಇನ್ನಾರಿಗೆ ಅರ್ಥವಾಗಬೇಕು?

"ಬೈದರೆ ತಪ್ಪು ಮಾಡಿದವರ ಹಾಗೆ ಮುಖ ಮಾಡಿಕೊಂಡು ಓಡುತ್ತೆ, ಅಂದ್ರೆ ತಿಳಿದೇ ಮಾಡಿದೆ" ಎನ್ನುವ ಮಾತೂ ಹಾಗೆಯೇ. ಅದು ನಿಮ್ಮ ದನಿಗೆ ಹೆದರಿ ಓಡುತ್ತದೆ. ಮೂರು ಗಂಟೆಯ ಹಿಂದಿನ ಕಲೆಗೂ ಈಗಿನ ಬೈಗುಳಕ್ಕೂ ನಡುವೆ ನೀವು ಹಾಕುವ ಗೆರೆಯನ್ನು ಬೆಕ್ಕು ಹಾಕುವುದಿಲ್ಲ. ಅದರ ಮೂಗನ್ನು ಕಲೆಗೆ ಒತ್ತುವುದು, ಎತ್ತಿ ಬಾಕ್ಸಿಗೆ ಎಸೆಯುವುದು, ನೀರು ಎರಚುವುದು ಇವೆಲ್ಲ ಅದಕ್ಕೆ ಎರಡು ಪಾಠ ಕಲಿಸುತ್ತವೆ: ಈ ಮನುಷ್ಯ ಅಪಾಯ, ಈ ಬಾಕ್ಸ್ ಅಪಾಯ. ಮುಂದಿನ ಸಲ ಮಂಚದ ಕೆಳಗೆ, ನಿಮಗೆ ಕಾಣದ ಜಾಗದಲ್ಲಿ ಮಾಡುತ್ತದೆ.

ಈಗ ನಾವು ಕೊಟ್ಟಿರುವ ಬಾಕ್ಸಿನ ವಿಚಾರ. ಲಿಟರ್ ಬಾಕ್ಸ್ ಅನಾದಿ ಕಾಲದ್ದೇನಲ್ಲ. ಅಮೆರಿಕದ ಮಿಶಿಗನ್‌ನಲ್ಲಿ ಎಡ್ವರ್ಡ್ ಲೋ ಎಂಬಾತ ಬೂದಿಯ ಬದಲಿಗೆ ಒಣ ಜೇಡಿಯ ಹರಳನ್ನು ನೆರೆಮನೆಯವಳಿಗೆ ಕೊಟ್ಟು ವ್ಯಾಪಾರಕ್ಕಿಳಿದದ್ದು 1947ರಲ್ಲಿ. ಬೆಕ್ಕಿನ ವಂಶ ಶುರುವಾದದ್ದೋ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ನೆಲದ ಕಾಡುಬೆಕ್ಕಿನಿಂದ. ಸಡಿಲ ಮರಳು, ನಾಲ್ಕೂ ದಿಕ್ಕಿಗೆ ನೋಟ, ಓಡಲು ದಾರಿ, ಪ್ರತಿಸಲ ಹೊಸ ಜಾಗ: ಅದರ ಮೈಗೆ ಗೊತ್ತಿರುವ ಶೌಚಾಲಯ ಇದು. ಇಷ್ಟೆಲ್ಲ ಬಿಟ್ಟುಕೊಟ್ಟು ನಾವಿಟ್ಟ ಪ್ಲಾಸ್ಟಿಕ್ ಡಬ್ಬದಲ್ಲಿ ವರ್ಷಗಟ್ಟಲೆ ಹೋಗುತ್ತಿದ್ದುದೇ ಅದರ ದೊಡ್ಡ ಹೊಂದಾಣಿಕೆ. ಅದಕ್ಕೆ ನಾವು ಒಂದು ದಿನವೂ ಶಭಾಷ್ ಅನ್ನಲಿಲ್ಲ.

ಆ ಡಬ್ಬ ನಮ್ಮ ಮನೆಗಳಲ್ಲಿ ಎಲ್ಲಿರುತ್ತದೆ? ಡ್ರೈ ಬಾಲ್ಕನಿಯಲ್ಲಿ, ವಾಷಿಂಗ್ ಮಷೀನಿನ ಪಕ್ಕ. ಬೆಕ್ಕು ಕೂತ ಹೊತ್ತಿಗೇ ಮಷೀನು ಗಡಗಡ ಅಲುಗಾಡುತ್ತದೆ. ಜುಲೈ ತಿಂಗಳ ಪುಣೆ ಮಳೆಯಲ್ಲಿ ಇರಚಲು ಹೊಡೆದು ಮರಳು ಕೆಸರಾಗುತ್ತದೆ. ಇಲ್ಲವೇ ಅತಿಥಿಗಳ ಬಾತ್‌ರೂಮಿನಲ್ಲಿ, ಯಾರೋ ಬಾಗಿಲು ಮುಚ್ಚಿ ಮರೆತು ಹೋಗುತ್ತಾರೆ. ಅಂಗಡಿಯ ಬಾಕ್ಸ್ ಮರಿಗೆ ಸಾಕಾಗುವಷ್ಟು, ಬೆಕ್ಕಿಗೆ ಈಗ ಐದು ಕಿಲೋ ತೂಕ. ಮನುಷ್ಯರ ಮೂಗಿಗೆ ಹಿತವಾಗಲೆಂದು ಲ್ಯಾವೆಂಡರ್ ವಾಸನೆಯ ಮರಳು, ವಾಸನೆ ಹೊರಬರದಿರಲೆಂದು ಮೇಲೊಂದು ಮುಚ್ಚಳ. ಒಳಗೆ ಕೂತ ಬೆಕ್ಕಿಗೆ ಆ ವಾಸನೆ ಎರಡು ಪಟ್ಟು. ಹೆದ್ದಾರಿ ಬದಿಯ ಶೌಚಾಲಯದ ಬಾಗಿಲಿನಿಂದಲೇ ಮೂಗು ಮುಚ್ಚಿಕೊಂಡು ವಾಪಸ್ ಬಂದು ಬಸ್ಸಿನ ಹಿಂದೆ ನಿಲ್ಲುವ ನಾವು ಬೆಕ್ಕಿನ ಶುಚಿತ್ವದ ಬಗ್ಗೆ ಉಪದೇಶ ಮಾಡುತ್ತೇವೆ.

ಸರಿಯಾದದ್ದು ದುಬಾರಿಯೂ ಅಲ್ಲ. ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಉದ್ದದ ಡಬ್ಬ ಬೇಕು. ಮಂಚದ ಕೆಳಗೆ ಬಟ್ಟೆ ತುಂಬಿಡುವ ಪ್ಲಾಸ್ಟಿಕ್ ಡಬ್ಬ ತಂದು ಒಂದು ಬದಿ ತಗ್ಗಾಗಿ ಕತ್ತರಿಸಿದರೆ ಆಯಿತು. ಮುಚ್ಚಳ ಬೇಡ. ವಾಸನೆ ಹಾಕದ, ನುಣ್ಣನೆಯ, ಗಂಟು ಕಟ್ಟುವ ಮರಳು. ದಿನಕ್ಕೆ ಎರಡು ಸಲ ಗಂಟು ತೆಗೆಯಬೇಕು. ಬೆಕ್ಕು ಎಷ್ಟೋ ಅದಕ್ಕಿಂತ ಒಂದು ಬಾಕ್ಸ್ ಹೆಚ್ಚಿರಬೇಕು, ಅವೂ ಸಾಲಾಗಿರದೆ ಬೇರೆ ಬೇರೆ ಮೂಲೆಗಳಲ್ಲಿ. ಎರಡು ಬೆಕ್ಕಿರುವ ಮನೆಯಲ್ಲಿ ದೊಡ್ಡದು ದಾರಿಗೆ ಅಡ್ಡ ಮಲಗಿದರೆ ಸಣ್ಣದಕ್ಕೆ ಬಾಕ್ಸ್ ಇದ್ದೂ ಇಲ್ಲದ ಹಾಗೆ. ಗಂಟು ತೆಗೆಯುವಾಗ ಎಣಿಸಿ: ಸಾಮಾನ್ಯವಾಗಿ ದಿನಕ್ಕೆ ಎರಡರಿಂದ ನಾಲ್ಕು ಉಚ್ಚೆಯ ಗಂಟು. ಸಣ್ಣ ಸಣ್ಣವು ಹತ್ತಾದರೆ ಉರಿ ಇದೆ, ದೊಡ್ಡದಾಗುತ್ತಾ ಹೋದರೆ ಕಿಡ್ನಿ ಅಥವಾ ಸಕ್ಕರೆ ನೋಡಿಸಬೇಕು, ಒಂದೂ ಇಲ್ಲದಿದ್ದರೆ ಲ್ಯಾಪ್‌ಟಾಪ್ ಮುಚ್ಚಿ ಆಸ್ಪತ್ರೆಗೆ ಓಡಬೇಕು. ನಾವು ಕೇಳುವ ಲಾಗ್ ಇದೇ. ಬೆಕ್ಕು ದಿನಾ ಬರೆದಿಡುತ್ತದೆ, ನಾವು ಓದದೆ ಕಸದ ಬುಟ್ಟಿಗೆ ಹಾಕುತ್ತೇವೆ.

"ನಮ್ಮೂರಾಗ ಬೆಕ್ಕು ಹಿಂಗ ಮಾಡತಿದ್ದಿಲ್ಲಪಾ" ಎಂದು ಊರಿಂದ ಬಂದ ಹಿರಿಯರು ಹೇಳುತ್ತಾರೆ. ಹೌದು ಕಾಕಾ, ಮಾಡುತ್ತಿರಲಿಲ್ಲ. ಅಲ್ಲಿ ಹಿತ್ತಲಿತ್ತು, ತಿಪ್ಪೆಯಿತ್ತು, ಒಲೆಯ ಬೂದಿಯ ಗುಡ್ಡೆಯಿತ್ತು, ಮನೆ ಕಟ್ಟಲು ತಂದ ಉಸುಕಿತ್ತು. ಒಂದು ಇಷ್ಟವಾಗದಿದ್ದರೆ ಇನ್ನೊಂದು. ಎಲ್ಲಿ ಹೋಗುತ್ತದೆಂದು ಯಾರೂ ಕೇಳುತ್ತಿರಲಿಲ್ಲ. ಅದು ಕಾಯಿಲೆ ಬಿದ್ದದ್ದೂ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ದಿನ ಬೆಕ್ಕು ಮನೆಗೆ ಬರಲಿಲ್ಲ, ಅಷ್ಟೇ. ಒಂಬತ್ತನೇ ಮಹಡಿಯ ಒಂದು ಬೆಡ್‌ರೂಮಿನ ಮನೆಗೆ ತಂದು ಹೊರಗಿನ ಬಾಗಿಲು ಮುಚ್ಚಿದ ಮೇಲೆ ಆ ಹಿತ್ತಲನ್ನೆಲ್ಲ ಒದಗಿಸುವ ಹೊಣೆ ನಮ್ಮದಾಯಿತು.

ಊರಿನಿಂದ ನಾವು ಹೊತ್ತು ತಂದ ಇನ್ನೊಂದು ವಸ್ತು ಫಿನಾಯಿಲ್. ಬೆಕ್ಕು ಹೊಯ್ದ ಕಡೆ ಅದನ್ನು ಸುರಿದು ಒರೆಸುತ್ತೇವೆ. ಬೆಕ್ಕಿನ ಲಿವರ್‌ಗೆ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬಹಳ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು, ಪಾದ ನೆಕ್ಕಿಕೊಂಡರೆ ವಿಷ ಒಳಗೆ ಹೋಗುತ್ತದೆ. ಡೆಟಾಲ್ ಕೂಡ ಅದೇ ಜಾತಿಯದು. ಅಷ್ಟು ಮಾಡಿಯೂ ಉಚ್ಚೆಯ ವಾಸನೆ ಬೆಕ್ಕಿನ ಮೂಗಿಗೆ ಹೋಗಿರುವುದಿಲ್ಲ, ಅಲ್ಲೇ ಮತ್ತೆ ಮಾಡುತ್ತದೆ. ಅದಕ್ಕೆಂದೇ ಸಿಗುವ ಎಂಜೈಮ್ ಇರುವ ದ್ರಾವಣ ಹಾಕಿ ನೆನೆಯಲು ಬಿಟ್ಟು ಒರೆಸಬೇಕು.

ಬಾಡಿಗೆ ಮನೆಯವರ ಕಷ್ಟ ನನಗೆ ತಿಳಿಯದ್ದಲ್ಲ. ಡಿಪಾಸಿಟ್ ಹಿಡಿದುಕೊಂಡ ಮಾಲೀಕ, ಮೂಗು ಮುರಿಯುವ ಸೊಸೈಟಿ, ದೇವರ ಮನೆಯ ಮುಂದೆ ಬೆಕ್ಕು ಹೊಯ್ದಿತೆಂದು ಊಟ ಬಿಟ್ಟ ಅತ್ತೆ, ಅಂಬೆಗಾಲಿಡುವ ಮಗು. ರಾತ್ರಿ ಹನ್ನೊಂದಕ್ಕೆ ಕಾಲ್ ಮುಗಿಸಿ ಗಾದಿ ತೊಳೆಯುವುದು ಯಾರಿಗೂ ಹಿತವಲ್ಲ. ಕೆಲವು ಪ್ರಕರಣ ತಿಂಗಳುಗಟ್ಟಲೆ ಎಳೆಯುತ್ತವೆ. ಗೋಡೆಗೆ ಬೆನ್ನು ಮಾಡಿ, ನಿಂತು, ಬಾಲ ನಡುಗಿಸುತ್ತಾ ಸಿಡಿಸುವುದು ಗಡಿ ಗುರುತು. ಕಿಟಕಿಯಾಚೆ ಬೀದಿ ಬೆಕ್ಕು ಕಂಡರೂ ಅದು ಶುರುವಾಗುತ್ತದೆ. ಗಂಡು ಬೆಕ್ಕಿಗೆ ಆಪರೇಷನ್ ಮಾಡಿಸಿದರೆ ಹತ್ತರಲ್ಲಿ ಸುಮಾರು ಒಂಬತ್ತರಲ್ಲಿ ನಿಲ್ಲುತ್ತದೆ, ಒಂದರಲ್ಲಿ ನಿಲ್ಲುವುದಿಲ್ಲ. ಎಲ್ಲ ಮಾಡಿ ನೋಡಿಯೂ ಆಗದೆ ಬೇರೆ ಮನೆ ಹುಡುಕಿದರೆ ಯಾರೂ ಬೆರಳು ತೋರಿಸಬಾರದು. ಆದರೆ ಆ ಮನೆಯವರಿಗೆ ನಿಜ ಹೇಳಿ ಕೊಡಿ. ಅಲರ್ಜಿ ಎಂದು ಸುಳ್ಳು ಹೇಳಿ ದಾಟಿಸಿದ ಬೆಕ್ಕು ತಿಂಗಳೊಳಗೆ ಮೂರನೆಯ ಮನೆಗೆ, ಅಲ್ಲಿಂದ ಬೀದಿಗೆ ಬೀಳುತ್ತದೆ.

ಬೀದಿಗೆ ಬಿಡುವುದನ್ನು ಮಾತ್ರ ಯಾವ ಕಷ್ಟವೂ ಸಮರ್ಥಿಸುವುದಿಲ್ಲ. ಊರಲ್ಲಿ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ಹೊಳೆ ದಾಟಿಸಿ ಬಿಡುತ್ತಿದ್ದರು. ಇಲ್ಲಿ ಕಾರಿನಲ್ಲಿ ಕೂರಿಸಿ ಮೀನು ಮಾರ್ಕೆಟ್ ಬಳಿ ಬಿಟ್ಟು "ಅಲ್ಲಿ ಚೆನ್ನಾಗಿ ತಿನ್ನೋಕೆ ಸಿಗುತ್ತೆ" ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಊರಿನ ಬೆಕ್ಕಿಗೆ ಇಲಿ ಹಿಡಿಯಲಾದರೂ ಗೊತ್ತಿತ್ತು. ಬಟ್ಟಲಲ್ಲಿ ಕಾಳು ತಿಂದು ಬೆಳೆದ ಫ್ಲ್ಯಾಟಿನ ಬೆಕ್ಕಿಗೆ ನಾಯಿಯಿಂದ, ಗಾಡಿಯಿಂದ, ಅಲ್ಲಿನ ಹಳೇ ಬೆಕ್ಕುಗಳಿಂದ ತಪ್ಪಿಸಿಕೊಳ್ಳಲು ಗೊತ್ತಿಲ್ಲ. ಹೀಗೆ ಹಸಿವು ಬಾಯಾರಿಕೆಗೆ ಪ್ರಾಣಿಯನ್ನು ಕೈಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಎರಡು ವಡಾಪಾವ್ ಬೆಲೆ. ಕಾನೂನು ಇಷ್ಟು ಅಗ್ಗವಾಗಿರುವಲ್ಲಿ ನಮ್ಮ ಮರ್ಯಾದೆಯಾದರೂ ಸ್ವಲ್ಪ ತುಟ್ಟಿಯಾಗಿರಬೇಕು.

ನಿಮ್ಮ ಬೆಕ್ಕು ಇವತ್ತು ಬಾಕ್ಸಿನ ಹೊರಗೆ ಹೋಗಿದ್ದರೆ ಕ್ರಮ ಹೀಗಿರಲಿ. ಮೊದಲು ಮೂತ್ರ ಬರುತ್ತಿದೆಯೇ ನೋಡಿ. ಗಂಡು ಬೆಕ್ಕು ತಿಣುಕಿಯೂ ಬರುತ್ತಿಲ್ಲವೆಂದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಹೊರಡಿ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ, ಒಂದು ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲಬಲ್ಲದು. ಮೂತ್ರ ಬರುತ್ತಿದ್ದರೆ ಒಂದೆರಡು ದಿನದಲ್ಲಿ ಪರೀಕ್ಷೆ ಮಾಡಿಸಿ. ಆಮೇಲೆ ಬಾಕ್ಸ್, ಮರಳು, ಜಾಗ ಸರಿಮಾಡಿ. ನೀರಿನ ಬಟ್ಟಲು ಹೆಚ್ಚಿಸಿ, ಹಸಿ ಆಹಾರ ಕೊಡಿ. ಕೊನೆಗೆ ಕಳೆದ ಒಂದು ತಿಂಗಳಲ್ಲಿ ಮನೆಯಲ್ಲಿ ಏನೇನು ಬದಲಾಯಿತೆಂದು ಪಟ್ಟಿ ಮಾಡಿ: ಹೊಸ ಸೋಫಾ, ಹೊಸ ಮನುಷ್ಯ, ಹೊಸ ಶಿಫ್ಟ್, ಹೊಸ ಮನೆ. ಇಷ್ಟನ್ನೂ ಮಾಡಿ ಮುಗಿಸಿದ ಮೇಲೂ ಬೆಕ್ಕಿಗೆ ನಿಮ್ಮ ಮೇಲೆ ಹಗೆಯಿದೆ ಎನ್ನಿಸಿದರೆ ಹೇಳಿ, ಕೇಳುತ್ತೇನೆ. ಇಷ್ಟು ಮಾಡಿದ ಯಾರೂ ಹಾಗೆ ಹೇಳಿದ್ದನ್ನು ನಾನು ಈವರೆಗೆ ಕೇಳಿಲ್ಲ.